ಒಂದು ಬದಿಗೆ 1800 ಸೆಕೆಂಡು

ಮನೆಯಲ್ಲಿ ಸಂಗೀತ ಕೂಡಿಟ್ಟವರು ತಮ್ಮ ಪಟ್ಟಿ ತೋರಿಸಿದರೆ ನಾನು ಮೊದಲು ಹುಡುಕುವುದು ಅವಧಿಯ ಕಾಲಂ. ಅದಿದ್ದರೆ ಆ ಪಟ್ಟಿಯಿಂದ ಒಂದು ಸಂಜೆಯ ಸಂಗೀತ ಕಟ್ಟಬಹುದು. ಇಲ್ಲದಿದ್ದರೆ ಬೀರುವಿನಲ್ಲಿ ಏನೇನಿದೆ ಎಂದು ಹೇಳುವ ದಾಸ್ತಾನು ಪುಸ್ತಕವಾಗಿಯೇ ಅದು ಉಳಿಯುತ್ತದೆ.

ಕ್ಯಾಸೆಟ್ ಕಾಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಆ ಪುಟ್ಟ ಡಬ್ಬಿಯಲ್ಲಿ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ. ಸಿ-60 ಅಂದರೆ ಬದಿಗೆ 30 ನಿಮಿಷ, ಸಿ-90 ಅಂದರೆ 45. ಸಿ-120 ಕೂಡ ಸಿಗುತ್ತಿತ್ತು. ಆದರೆ ಅದರ ಟೇಪು ತೀರಾ ತೆಳು, ಹಿಗ್ಗುತ್ತಿತ್ತು, ರೋಲರಿಗೆ ಸುತ್ತಿಕೊಳ್ಳುತ್ತಿತ್ತು. ಸಂಗೀತಕ್ಕೆ ಅದು ಬೇಡವೇ ಬೇಡ. ಊರಿನ ರೆಕಾರ್ಡಿಂಗ್ ಅಂಗಡಿಗೆ ಖಾಲಿ ಕ್ಯಾಸೆಟ್ಟಿನ ಜೊತೆ ಒಂದು ಚೀಟಿ ಕೊಟ್ಟು ಹಾಡು ತುಂಬಿಸಿಕೊಂಡು ಬಂದವರಿಗೆಲ್ಲ ಎರಡು ಸಂಕಟಗಳ ಪರಿಚಯವಿದೆ. ಎ ಸೈಡಿನ ಕೊನೆಯ ಹಾಡು ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಟೇಪು ಮುಗಿಯುವುದು ಒಂದು. ಹಾಡು ಮುಗಿದ ಮೇಲೂ ನಾಲ್ಕು ನಿಮಿಷ ಬರೀ ಸುಯ್ ಎನ್ನುವ ಸದ್ದು ಓಡುವುದು ಇನ್ನೊಂದು.

ಲೆಕ್ಕ ಹಾಕಿ ನೋಡಿ. ಸಿ-60ರ ಒಂದು ಬದಿಗೆ 1800 ಸೆಕೆಂಡು. ಹಳೆಯ ಚಿತ್ರಗೀತೆಗಳು 78 ಆರ್‌ಪಿಎಂ ತಟ್ಟೆಯ ಅಳತೆಗೆ ಹುಟ್ಟಿದವು. ಸರಾಸರಿ 3 ನಿಮಿಷ 15 ಸೆಕೆಂಡು, ಅಂದರೆ 195 ಸೆಕೆಂಡು ಎಂದು ಹಿಡಿದರೆ ಒಂಬತ್ತು ಹಾಡಿಗೆ 1755. ಉಳಿದದ್ದು 45. ಹಾಡಿಗೂ ಹಾಡಿಗೂ ನಡುವೆ ನಾಲ್ಕು ಸೆಕೆಂಡು ಮೌನ ಬಿಟ್ಟರೆ 32 ಹೋಯಿತು. ಕೈಯಲ್ಲಿರುವುದು 13 ಸೆಕೆಂಡು. ಒಂದೇ ಒಂದು ಹಾಡು ಸ್ವಲ್ಪ ಉದ್ದವಾದರೂ ಲೆಕ್ಕ ಹಳಿ ತಪ್ಪುತ್ತದೆ.

ಈ ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸಿದವು ಶೇರ್‌ವೇರ್ ತಂತ್ರಾಂಶಗಳು, ಅಂದರೆ ಮೊದಲು ಬಳಸಿ ನೋಡಿ ಆಮೇಲೆ ಹಣ ಕಳಿಸುವಂಥವು. ಅವುಗಳ ಚರಿತ್ರೆಯ ಆರಂಭದಲ್ಲೇ ಪಟ್ಟಿ ಮಾಡುವ ತಂತ್ರಾಂಶವೊಂದು ಇದೆ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಅಮೆರಿಕದಲ್ಲಿ ಐಬಿಎಂ ನೌಕರರಾಗಿದ್ದ ಜಿಮ್ ನಾಫ್ ತಮ್ಮ ಚರ್ಚಿನ ಸದಸ್ಯರಿಗೆ ಕಳಿಸುವ ಪತ್ರಗಳಿಗೆ ವಿಳಾಸದ ಚೀಟಿ ಮುದ್ರಿಸಲೆಂದು ಒಂದು ಪ್ರೋಗ್ರಾಂ ಬರೆದುಕೊಂಡರು. ಗೆಳೆಯರು ಕೇಳಿದರು, ಕೊಟ್ಟರು. ಕೇಳುವವರು ಹೆಚ್ಚಾದಾಗ 1982ರಲ್ಲಿ, ಬಳಸಿ ನೋಡಿ, ಉಪಯೋಗವಾದರೆ ಹಣ ಕಳಿಸಿ, ಬೇರೆಯವರಿಗೂ ಪ್ರತಿ ಮಾಡಿ ಕೊಡಿ ಎಂಬ ಕೋರಿಕೆಯನ್ನು ಅದರಲ್ಲಿ ಸೇರಿಸಿದರು. ಅದೇ ಪಿಸಿ-ಫೈಲ್. ಅದೇ ವರ್ಷ ಆಂಡ್ರ್ಯೂ ಫ್ಲೂಗಲ್ಮನ್ ಕೂಡ ಪಿಸಿ-ಟಾಕ್ ಎಂಬ ಸಂಪರ್ಕ ತಂತ್ರಾಂಶವನ್ನು ಇದೇ ನಂಬಿಕೆಯ ಮೇಲೆ ಹಂಚತೊಡಗಿದ್ದರು. ಇಬ್ಬರೂ ಮಾತಾಡಿಕೊಂಡು ಬೆಲೆಯನ್ನು 25 ಡಾಲರ್ ಎಂದು ಗೊತ್ತು ಮಾಡಿದರು.

ಪಿಸಿ-ಫೈಲ್ ಸಂಗೀತಕ್ಕೆಂದೇ ಹುಟ್ಟಿದ್ದಲ್ಲ. ಆದರೆ ಅದರಲ್ಲಿ ಕಾಲಂಗಳನ್ನು ನಾವೇ ಹೆಸರಿಟ್ಟು ಮಾಡಿಕೊಳ್ಳಬಹುದಿತ್ತು, ಸಂಗ್ರಾಹಕನಿಗೆ ಬೇಕಾದದ್ದು ಅದೇ. ಮುಂದೆ ಕ್ಯಾಸೆಟ್ಟಿಗೆಂದೇ ಬರೆದ ಸಣ್ಣ ಸಣ್ಣ ಶೇರ್‌ವೇರ್‌ಗಳು ಬಂದವು. ಬಹುಪಾಲು ಒಬ್ಬೊಬ್ಬರೇ ಬಿಡುವಿನಲ್ಲಿ ಬರೆದವು. ಹಾಡಿನ ಹೆಸರು, ಅವಧಿ, ಟೇಪಿನ ಅಳತೆ ಕೊಟ್ಟರೆ ಎರಡು ಬದಿಗೂ ಹಂಚಿಕೊಡುತ್ತಿದ್ದವು, ಡಬ್ಬಿಯೊಳಗೆ ಮಡಚಿಡುವ ಕಾರ್ಡನ್ನು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಕಿರಿದಾದ ಅಕ್ಷರಗಳಲ್ಲಿ ಮುದ್ರಿಸುತ್ತಿದ್ದವು. ನಮ್ಮಲ್ಲಿ ಇಂಥವು ತೊಂಬತ್ತರ ದಶಕದಲ್ಲಿ ಫ್ಲಾಪಿಯಿಂದ ಫ್ಲಾಪಿಗೆ, ಆಮೇಲೆ ಕಂಪ್ಯೂಟರ್ ಮಾಸಪತ್ರಿಕೆಗಳ ಜೊತೆ ಬರುತ್ತಿದ್ದ ಸಿ.ಡಿ.ಗಳಲ್ಲಿ ಹರಡಿದವು. ಆಗ ಇಲ್ಲಿಂದ ಡಾಲರಿನಲ್ಲಿ ಹಣ ಕಳಿಸುವುದು ಸುಲಭವಿರಲಿಲ್ಲ. ಬರೆದವರಿಗೆ ಸಲ್ಲಬೇಕಾದದ್ದು ನಮ್ಮ ಕಡೆಯಿಂದ ಹೆಚ್ಚಾಗಿ ಸಲ್ಲಲಿಲ್ಲ. ಅವರ ಋಣ ನಮ್ಮ ಮೇಲಿದೆ.

ಹಂಚುವ ಕೆಲಸ ನೋಡಲು ಸುಲಭ. ಆದರೆ ಇಪ್ಪತ್ತು ಹಾಡಿದ್ದರೆ, ಒಂದೊಂದೂ ಎ ಅಥವಾ ಬಿ ಎಂದಾದಾಗ 10,48,576 ಬಗೆಯ ಹಂಚಿಕೆ ಸಾಧ್ಯ. ಹಾಡು ಒಂದೊಂದು ಹೆಚ್ಚಿದಂತೆ ಈ ಸಂಖ್ಯೆ ಇಮ್ಮಡಿಸುತ್ತದೆ. ಗಣಕ ವಿಜ್ಞಾನಿ ರಿಚರ್ಡ್ ಕಾರ್ಪ್ 1972ರಲ್ಲಿ ಪಟ್ಟಿ ಮಾಡಿದ 21 ಕಠಿಣ ಸಮಸ್ಯೆಗಳಲ್ಲಿ ಇಂಥ ವಿಭಜನೆಯೂ ಒಂದು. ಆದ್ದರಿಂದ ಜಾಣ ತಂತ್ರಾಂಶಗಳು ಉದ್ದದ ಹಾಡನ್ನು ಮೊದಲು ಕೂರಿಸಿ, ಗಿಡ್ಡ ಹಾಡುಗಳಿಂದ ಸಂದು ತುಂಬುತ್ತಿದ್ದವು. ಎರಡು ಬದಿಯೂ ಸಮಸಮ ಬಂದಾಗ ಆಗುವ ಹಿಗ್ಗು ಅನುಭವಿಸಿದವರಿಗೇ ಗೊತ್ತು.

ಇಲ್ಲಿಗೆ ಯಂತ್ರದ ಕೆಲಸ ಮುಗಿಯಿತು ಎಂಬುದು ನನ್ನ ಖಚಿತ ನಿಲುವು. ಯಾವ ಹಾಡು ಯಾವ ಬದಿಗೆ ಎಂದು ಅದು ಹೇಳಲಿ, ಯಾವುದರ ನಂತರ ಯಾವುದು ಎಂಬುದನ್ನು ಕಿವಿ ಹೇಳಬೇಕು. ಎ ಸೈಡಿನ ಕೊನೆಯ ಹಾಡನ್ನು ನಾನು ಮೊದಲೇ ಆರಿಸಿಟ್ಟು, ಅದನ್ನು ಕದಲಿಸದಂತೆ ಉಳಿದವನ್ನು ಹಂಚುತ್ತೇನೆ. ಕೇಳುಗ ಎದ್ದು ಹೋಗಿ ಕ್ಯಾಸೆಟ್ ತಿರುಗಿಸುವ ತನಕ ಮನಸ್ಸಿನಲ್ಲಿ ನಿಲ್ಲುವ ಹಾಡು ಅದಾಗಿರಬೇಕು. ಸಿ. ಅಶ್ವಥ್ ಎದೆ ತುಂಬಿ ಹಾಡಿದ ಶರೀಫರ ತತ್ವಪದದ ಬೆನ್ನಿಗೇ ಎಸ್. ಜಾನಕಿಯವರ ಮೆಲುದನಿಯ ಹಾಡು ಬಂದರೆ ಮೊದಲ ಸಾಲು ಕಿವಿಗೆ ಇಳಿಯುವುದೇ ಇಲ್ಲ. ನಡುವೆ ಒಂದು ವಾದ್ಯ ಸಂಗೀತ ಬೇಕು. ಬಿ ಸೈಡು ಹಿಂದೂಸ್ತಾನಿಯದಾದರೆ ಕಚೇರಿಯ ಪದ್ಧತಿಯಂತೆ ಭೈರವಿಯಲ್ಲಿ ಮುಗಿಯಲಿ.

ರಾಗದ ಕಾಲಂ ಇದ್ದರೆ ಇದಕ್ಕಿಂತ ದೊಡ್ಡ ಸುಖವಿದೆ. ಮಾರವಾ, ಪೂರಿಯಾ, ಸೋಹನಿ ಮೂರಕ್ಕೂ ಸ್ವರಗಳು ಒಂದೇ. ಒಂದು ಮಂದ್ರದಲ್ಲಿ ನೆಲೆಸುತ್ತದೆ, ಒಂದು ತಾರದಲ್ಲಿ ಮಿಂಚುತ್ತದೆ, ಇನ್ನೊಂದು ಷಡ್ಜವನ್ನೇ ತಡೆತಡೆದು ಕೊಡುತ್ತದೆ. ಮೂರನ್ನೂ ಹೊತ್ತಿನ ಕಟ್ಟು ಬದಿಗಿಟ್ಟು ಒಂದೇ ಸೈಡಿನಲ್ಲಿ ಸಾಲಾಗಿ ಕೇಳಿ. ಪುಸ್ತಕ ಎಷ್ಟು ವಿವರಿಸಿದರೂ ಸಿಗದ ತಿಳಿವು ಅಲ್ಲಿ ಸಿಗುತ್ತದೆ. ಆದರೆ ಆ ಮೂರೂ ಧ್ವನಿಮುದ್ರಣಗಳು ನಿಮ್ಮ ಮನೆಯಲ್ಲಿ ಎಲ್ಲಿವೆ, ಎಷ್ಟೆಷ್ಟು ಉದ್ದ ಎಂಬುದು ಪಟ್ಟಿಯಲ್ಲಿರಬೇಕು.

ಸಂಗೀತಕ್ಕೆಂದೇ ಹೊರಗಿನಿಂದ ಬಂದ ತಂತ್ರಾಂಶಗಳಲ್ಲಿ ಹೆಚ್ಚಾಗಿ ಕಲಾವಿದ, ಆಲ್ಬಂ, ಹಾಡು ಎಂಬ ಮೂರೇ ಮನೆ. ನಮ್ಮ ಸಂಗೀತ ಅದರಲ್ಲಿ ಹಿಡಿಯುವುದಿಲ್ಲ. ‘ರಾಜ್‌ಕುಮಾರ್ ಹಾಡು’ ಎಂದು ಕೇಳಿದರೆ ಯಾವುದನ್ನು ತೆಗೆಯುವುದು? 1974ರ ‘ಸಂಪತ್ತಿಗೆ ಸವಾಲ್’ ನಂತರ ಅವರೇ ಹಾಡತೊಡಗಿದರು. ಅದಕ್ಕೆ ಮುಂಚೆ ಬಹುಪಾಲು ಪಿ.ಬಿ. ಶ್ರೀನಿವಾಸ್ ದನಿ. ಹಾಗಾಗಿ ನಟ, ಗಾಯಕ, ಸಂಗೀತ ನಿರ್ದೇಶಕ, ಗೀತ ರಚನೆಕಾರ, ಚಿತ್ರ ಎಲ್ಲಕ್ಕೂ ಬೇರೆ ಬೇರೆ ಮನೆ ಬೇಕು. ವಚನ, ದಾಸರ ಪದಗಳಿಗೆ ಅಂಕಿತದ ಕಾಲಂ ಹಾಕಿ. ಪುರಂದರ ವಿಠಲ ಎಂದು ಹುಡುಕಿದರೆ ಭೀಮಸೇನ ಜೋಶಿಯವರೂ ಎಂ.ಎಸ್. ಸುಬ್ಬುಲಕ್ಷ್ಮಿಯವರೂ ಒಟ್ಟಿಗೆ ಎದುರು ಬರುತ್ತಾರೆ.

ಎಂಪಿ3 ಬಂದ ಮೇಲೆ ವಿವರಗಳನ್ನು ಹಾಡಿನ ಕಡತದೊಳಗೇ ಇಡುವ ಉಪಾಯ ಬಂತು. 1996ರ ಐಡಿ3 ಕ್ರಮದಲ್ಲಿ ಅದಕ್ಕೆ ಒಟ್ಟು 128 ಬೈಟ್ ಜಾಗ. ಹಾಡಿನ ಹೆಸರಿಗೆ 30, ಕಲಾವಿದರಿಗೆ 30, ಆಲ್ಬಂಗೆ 30. ಕನ್ನಡ ಅಕ್ಷರ ಅಲ್ಲಿ ಸಲ್ಲುತ್ತಿರಲಿಲ್ಲ. ಸಂಗೀತದ ಬಗೆಗಳ 80 ಹೆಸರುಗಳಲ್ಲಿ ಪೋಲ್ಕಾ ಇತ್ತು, ಹಿಂದೂಸ್ತಾನಿ ಇರಲಿಲ್ಲ, ಕರ್ನಾಟಕ ಸಂಗೀತವೂ ಇರಲಿಲ್ಲ. ಮಲ್ಲಿಕಾರ್ಜುನ ಮನ್ಸೂರರ ಹೆಸರು, ರಾಗ, ತಾಳ, ವಿಲಂಬಿತ, ದ್ರುತ ಎಲ್ಲವನ್ನೂ ಅದರಲ್ಲಿ ತುರುಕುವುದು ಆಗದ ಮಾತು. ಇಂದಿನ ಕ್ರಮದಲ್ಲಿ ಜಾಗ ಧಾರಾಳವಾಗಿದೆ, ಕನ್ನಡಕ್ಕೂ ಅಡ್ಡಿಯಿಲ್ಲ. ತುಂಬುವವರು ಮಾತ್ರ ಕಡಿಮೆ.

ಸಿ.ಡಿ.ಗಳ ಕಥೆ ಹೆಚ್ಚು ಕುತೂಹಲದ್ದು. ಸಾಮಾನ್ಯ ಸಂಗೀತದ ಸಿ.ಡಿ.ಯೊಳಗೆ ಹಾಡಿನ ಹೆಸರು ದಾಖಲಾಗಿರುವುದಿಲ್ಲ. ಆದರೂ ಕಂಪ್ಯೂಟರಿಗೆ ಹಾಕಿದ ಕೂಡಲೇ ಹೆಸರು ಮೂಡುತ್ತಿತ್ತಲ್ಲ, ಅದು ಟಿ ಕಾನ್ ಮತ್ತು ಸ್ಟೀವ್ ಶೆರ್ಫ್ ತೊಂಬತ್ತರ ದಶಕದಲ್ಲಿ ಕಟ್ಟಿದ ಸಿಡಿಡಿಬಿ ಎಂಬ ದತ್ತಾಂಶಕೋಶದ ಕೆಲಸ. ಪ್ರತಿ ಹಾಡು ಎಲ್ಲಿ ಶುರುವಾಗುತ್ತದೆ, ತಟ್ಟೆ ಒಟ್ಟು ಎಷ್ಟು ಉದ್ದ ಎಂಬುದರಿಂದಲೇ ಅದು ತಟ್ಟೆಯ ಗುರುತಿನ ಸಂಖ್ಯೆ ಲೆಕ್ಕ ಹಾಕುತ್ತಿತ್ತು. ಹೆಸರುಗಳನ್ನು ಟೈಪ್ ಮಾಡಿ ಕೊಟ್ಟವರು ಲೋಕದ ನಾನಾ ಕಡೆಯ ಕೇಳುಗರು. ಮುಂದೆ ಅದು ಖಾಸಗಿ ವ್ಯಾಪಾರವಾಯಿತು. ಮುಕ್ತವಾಗಿ ಉಳಿಯಲೆಂದು ಹುಟ್ಟಿದ ಫ್ರೀಡಿಬಿ 2020ರಲ್ಲಿ ಬಾಗಿಲು ಮುಚ್ಚಿತು. ರಾಬರ್ಟ್ ಕೇ ಆರಂಭಿಸಿದ ಮ್ಯೂಸಿಕ್‌ಬ್ರೇನ್ಸ್ ಇಂದಿಗೂ ಇದೆ, ಕನ್ನಡ ಸಂಗ್ರಹಗಳ ವಿವರ ಅಲ್ಲಿಗೆ ಸೇರಿಸುವುದು ಒಳ್ಳೆಯ ಕೆಲಸ. ಆದರೆ ನಿಮ್ಮ ಪಟ್ಟಿಯ ಮೂಲಪ್ರತಿ ನಿಮ್ಮಲ್ಲೇ ಇರಲಿ, ಯಾವ ತಂತ್ರಾಂಶ ಬೇಕಾದರೂ ತೆರೆಯಬಲ್ಲ ಸರಳ ಪಠ್ಯದ ಕೋಷ್ಟಕವಾಗಿ. ಅವಧಿಯನ್ನು 3.40 ಎಂದು ಬರೆಯಬೇಡಿ. 3.40ಕ್ಕೆ 3.40 ಕೂಡಿದರೆ ಯಂತ್ರ 6.80 ಎನ್ನುತ್ತದೆ, ನಿಜವಾದ ಉತ್ತರ 7 ನಿಮಿಷ 20 ಸೆಕೆಂಡು. ಸೆಕೆಂಡಿನಲ್ಲೇ ಬರೆಯಿರಿ, 220 ಎಂದು.

ಎಲ್ಲಕ್ಕಿಂತ ತುರ್ತಿನದು ಮನೆಯಲ್ಲೇ ರೆಕಾರ್ಡ್ ಮಾಡಿದ ಟೇಪುಗಳ ಪಟ್ಟಿ. ಧಾರವಾಡ ಆಕಾಶವಾಣಿಯಿಂದ ರಾತ್ರಿ ಹಿಡಿದಿಟ್ಟ ಕಚೇರಿ, ಗಣೇಶೋತ್ಸವದ ಪೆಂಡಾಲಿನ ಗಾಯನ, ಇವುಗಳ ಗುರುತು ಯಾವ ದತ್ತಾಂಶಕೋಶದಲ್ಲೂ ಸಿಗುವುದಿಲ್ಲ. ಆಕಾಶವಾಣಿಯ ಟೇಪುಗಳಲ್ಲಿ ಮಾತ್ರ ಒಂದು ಅನುಕೂಲವಿದೆ. ಗಾಯಕರು ಯಾರು, ರಾಗ ಯಾವುದು, ತಬಲಾ ಯಾರು, ಹಾರ್ಮೋನಿಯಂ ಯಾರು ಎಂದು ಉದ್ಘೋಷಕರು ಮೊದಲೇ ಹೇಳಿರುತ್ತಾರೆ. ಹೀಗೆ ಧ್ವನಿಯಲ್ಲೇ ಗುರುತು ಬಿಡುವುದು ಹೊಸದಲ್ಲ. 1902ರಲ್ಲಿ ಕೋಲ್ಕತ್ತಾದಲ್ಲಿ ಗ್ರಾಮೋಫೋನ್ ಕಂಪನಿಗೆ ಹಾಡಿದ ಗೌಹರ್ ಜಾನ್, ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿನವರಿಗೆ ಹಾಡಿದವರು ಯಾರೆಂದು ಗೊತ್ತಾಗಬೇಕಿತ್ತು. ಹಾಗಾಗಿ ಟೇಪುಗಳನ್ನು ಕಂಪ್ಯೂಟರಿಗೆ ಏರಿಸುವಾಗ ಉದ್ಘೋಷಣೆಯನ್ನು ಕತ್ತರಿಸಬೇಡಿ. ಅದನ್ನು ಕೇಳಿ ಪಕ್ಕವಾದ್ಯದವರ ಹೆಸರನ್ನೂ ಪಟ್ಟಿಗೆ ಇಳಿಸಿ, ಅವಧಿಗೆ ಎರಡು ಕಾಲಂ ಮಾಡಿ: ಉದ್ಘೋಷಣೆ ಸೇರಿ ಎಷ್ಟು, ತಂಬೂರಿ ಶುರುವಾದಲ್ಲಿಂದ ಎಷ್ಟು.