ಐಸಿಯು ಬಾಗಿಲಲ್ಲೇ ನಿಂತ ಓದು

ಹೊಸೂರು, ಡೆಂಕಣಿಕೋಟೆ ಕಡೆಯ ಮಕ್ಕಳು ಪ್ಲಸ್ ಟೂ ಮುಗಿಸಿ, ಎಂಬಿಬಿಎಸ್ ಎಟುಕದಿದ್ದಾಗ ವಿಚಾರಿಸುವ ಕೋರ್ಸುಗಳಲ್ಲಿ ಉಸಿರಾಟದ ಚಿಕಿತ್ಸೆ ಕಲಿಸುವ ರೆಸ್ಪಿರೇಟರಿ ಥೆರಪಿಯೂ ಒಂದು. ಮೂರು ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್. ಓದಲು ಅತ್ತ ವೆಲ್ಲೂರು, ಇತ್ತ ಅತ್ತಿಬೆಲೆ ದಾಟಿದರೆ ಬೆಂಗಳೂರು.

ವೆಂಟಿಲೇಟರ್ ನಡೆಸುವುದನ್ನು ಈ ಓದು ಚೆನ್ನಾಗಿಯೇ ಕಲಿಸುತ್ತದೆ, ಒಪ್ಪಬೇಕು. ಪ್ರತಿ ಉಸಿರಿಗೆ ಎಷ್ಟು ಗಾಳಿ ಬಿಡಬೇಕೆಂಬುದು ರೋಗಿಯ ಎತ್ತರದ ಲೆಕ್ಕ. ಮೈ ಬೆಳೆದ ಮಾತ್ರಕ್ಕೆ ಶ್ವಾಸಕೋಶ ಬೆಳೆಯುವುದಿಲ್ಲವಲ್ಲ! 165 ಸೆಂ.ಮೀ. ಎತ್ತರದ ಗಂಡಸು 60 ಕಿಲೋ ಇರಲಿ, 90 ಇರಲಿ, ಲೆಕ್ಕಕ್ಕೆ ಹಿಡಿಯುವ ತೂಕ ಸುಮಾರು 61. ಕಿಲೋಗೆ 6 ಮಿ.ಲೀ.ನಂತೆ ಹತ್ತಿರ ಹತ್ತಿರ 370 ಮಿ.ಲೀ. ಶ್ವಾಸಕೋಶ ತೀವ್ರವಾಗಿ ಕೆಟ್ಟವರಿಗೆ ಇಷ್ಟಕ್ಕೇ ನಿಲ್ಲಿಸಿದರೆ ಸಾವು ಕಡಿಮೆ ಎಂದು 2000ದಲ್ಲಿ ಅಮೆರಿಕದ ಪ್ರಯೋಗವೊಂದು ತೋರಿಸಿತು. ಮಲಗಿದ ರೋಗಿಯ ಉದ್ದವನ್ನು ಟೇಪ್ ಹಿಡಿದು ಅಳೆಯುವ ಇಂಟರ್ನ್ ಹುಡುಗಿ ಮಾಡುತ್ತಿರುವುದು ಜೀವ ಉಳಿಸುವ ಕೆಲಸವೇ. ಕೋವಿಡ್ ಕಾಲದಲ್ಲಿ ಬೆಂಗಳೂರಿನ ಬಿಇಎಲ್, ಮೈಸೂರಿನ ಸ್ಕ್ಯಾನ್‌ರೇ ಜತೆಗೂಡಿ 30,000 ವೆಂಟಿಲೇಟರ್ ತಯಾರಿಸಿತು. ಯಂತ್ರ ಬೇಗ ಬಂತು, ಅದನ್ನು ಬಲ್ಲ ಕೈ ಬೆಳೆಯಲು ನಾಲ್ಕು ವರ್ಷ ಬೇಕು.

ನನ್ನ ತಕರಾರು ಐಸಿಯು ಆಚೆಗಿನದು. ಹೊಸೂರು ಸೇರಿದ ಕೃಷ್ಣಗಿರಿ ಜಿಲ್ಲೆ ಗ್ರಾನೈಟ್ ನಾಡು. ಕಲ್ಲು ಕೊರೆಯುವಾಗ ಏಳುವ ಸಿಲಿಕಾ ದೂಳು ಎದೆಗೂಡಿಗಿಳಿದರೆ ಸಿಲಿಕೋಸಿಸ್. ಅದು ವಾಸಿಯಾಗುವ ಕಾಯಿಲೆಯಲ್ಲ, ಬೆನ್ನಿಗೇ ಟಿಬಿ ಬರುವ ಭಯ ಬೇರೆ. ಸೌದೆ ಒಲೆಯ ಹೊಗೆ ಕುಡಿದು ದಮ್ಮು ಹತ್ತಿಸಿಕೊಂಡ ಅಜ್ಜಿಯರೂ ಇದ್ದಾರೆ. ಇವರಲ್ಲಿ ಹೆಚ್ಚಿನವರ ನಿತ್ಯದ ಪಾಡು ಇನ್‌ಹೇಲರ್ ಜತೆ. ಒತ್ತುವ ಪಂಪಾದರೆ ನಿಧಾನವಾಗಿ ಎಳೆಯಬೇಕು, ಕ್ಯಾಪ್ಸೂಲ್ ಹಾಕಿ ಸೇದುವುದಾದರೆ ರಭಸವಾಗಿ. ಆಮೇಲೆ 10 ಸೆಕೆಂಡ್ ಉಸಿರು ಕಟ್ಟಬೇಕು. ಅದಲುಬದಲಾದರೆ ಔಷಧದ ಹೆಚ್ಚಿನ ಪಾಲು ಬಾಯಿ ಗಂಟಲಲ್ಲೇ ಉಳಿಯುತ್ತದೆ. ಪಠ್ಯದಲ್ಲಿ ಇದಕ್ಕೆ ಅಧ್ಯಾಯವಿದೆ, ನಿಜ. ಆದರೆ ‘ಹೇಳಿಕೊಟ್ಟಿದೆ’ ಎಂದು ಫೈಲಿನಲ್ಲಿ ಬರೆಯುವುದು ಬೇರೆ, ‘ಅಜ್ಜಿ, ಈಗ ನೀವೇ ಒಂದ್ಸಲ ಎಳ್ದು ತೋರ್ಸಿ’ ಎಂದು ಕಾದು ನೋಡುವುದು ಬೇರೆ. ಇದನ್ನು ಕನ್ನಡದಲ್ಲೋ ತೆಲುಗಿನಲ್ಲೋ ತಮಿಳಿನಲ್ಲೋ ಕೇಳಬಲ್ಲ ಮಕ್ಕಳು ಗಡಿನಾಡಲ್ಲಿ ಬೇಕಾದಷ್ಟಿದ್ದಾರೆ. ಅವರನ್ನು ವರ್ಷಪೂರ್ತಿ ಐಸಿಯು ನೈಟ್ ಡ್ಯೂಟಿಗೆ ಹಾಕಿ, ಅದನ್ನೇ ತರಬೇತಿ ಎನ್ನುವುದು ಆಸ್ಪತ್ರೆಗೆ ಅನುಕೂಲ, ಅಷ್ಟೆ.

2022ರಲ್ಲಿ ಕೃಷ್ಣಗಿರಿಯಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜು ಉದ್ಘಾಟನೆಯಾಯಿತು. ಇಂಟರ್ನ್‌ಶಿಪ್‌ನ ಎರಡು ತಿಂಗಳನ್ನಾದರೂ ಇಂಥ ಆಸ್ಪತ್ರೆಯ ಓಪಿ ಸಾಲಿಗೆ, ಕ್ವಾರಿ ಬಳಿಯ ಕ್ಯಾಂಪಿಗೆ ಮೀಸಲಿಡಬೇಕು. ಅಲ್ಲಿನ ಕೆಲಸಕ್ಕೂ ವೆಂಟಿಲೇಟರಿನಷ್ಟೇ ಅಂಕ ಕೊಡಬೇಕು.