ಸಂಸ್ಕಾರವನ್ನು ಒಲ್ಲೆನೆಂದ ಬಾಲಕರು

ಹಿರಿಯರು ಗೊತ್ತುಮಾಡಿದ ಸಂಸ್ಕಾರವನ್ನು ಮಗುವೇ ಒಲ್ಲೆನೆಂದರೆ ಏನು ಮಾಡತಕ್ಕದ್ದು? ಇದು ಧರ್ಮಶಾಸ್ತ್ರಕ್ಕೆ ಸೇರಿದ ಪ್ರಶ್ನೆಯಾದರೂ ಸಾಹಿತ್ಯವೂ ಇದನ್ನು ಬಿಟ್ಟಿಲ್ಲ. ಅಂತಹ ಮಗುವನ್ನು ಲೇಖಕನು ಯಾವ ಕಣ್ಣಿನಿಂದ ನೋಡಿದ್ದಾನೆಂಬುದರಿಂದ ಅವನ ಕೃತಿಯ ಬೆಲೆಯನ್ನು ಕಟ್ಟಬಹುದು.

ವಾಡಿ, ಶಹಾಬಾದ, ಚಿತ್ತಾಪುರಗಳ ಮನೆಗಳಲ್ಲಿ ಈ ಮಾತೆದ್ದರೆ ಮೊದಲು ನೆನಪಾಗುವವರು ಬಸವಣ್ಣನವರು. 1369ರಲ್ಲಿ ರಚಿತವಾದ ಭೀಮಕವಿಯ ಬಸವಪುರಾಣದಲ್ಲಿ ಎಂಟು ವರ್ಷದ ಬಾಲಕನು ಉಪನಯನವನ್ನು ನಿರಾಕರಿಸಿ ತಂದೆಯೊಡನೆ ವಾದಕ್ಕೆ ನಿಲ್ಲುತ್ತಾನೆ. ಶಿವದೀಕ್ಷೆಯುಳ್ಳವನಿಗೆ ಬೇರೊಂದು ಸಂಸ್ಕಾರವೇಕೆಂಬುದು ಅವನ ವಾದದ ತಿರುಳು. ಪಾಲ್ಕುರಿಕೆ ಸೋಮನಾಥನ ತೆಲುಗು ಕಾವ್ಯದಿಂದ ಬಂದ ಈ ಸನ್ನಿವೇಶವು ಓಜಸ್ವಿಯಾದುದು. ಆದರೆ ಅಲ್ಲಿ ಮಾತನಾಡುವವನು ಬಾಲಕನಲ್ಲ. ಬಾಲಕನ ಮೈಯಲ್ಲಿರುವ ಆಚಾರ್ಯನು. ಅವನಿಗೆ ಅಂಜಿಕೆಯೂ ಇಲ್ಲ, ಗೊಂದಲವೂ ಇಲ್ಲ. ಪುರಾಣಕ್ಕೆ ಇದು ಒಪ್ಪುವುದಾದರೂ ಮಗುವಿನ ಮನಸ್ಸು ಅಲ್ಲಿ ದೊರೆಯದು.

ಭೀಮಕವಿಗಿಂತ ಹಿಂದಿನವನಾದ ಹರಿಹರನು ಬಸವರಾಜದೇವರ ರಗಳೆಯಲ್ಲಿ ಬೇರೆ ದಾರಿ ಹಿಡಿದಿದ್ದಾನೆ. ತಂದೆತಾಯಿಗಳನ್ನು ಕಳೆದುಕೊಂಡ ಅವನ ಬಸವನು ಹದಿನಾರು ವರ್ಷದವರೆಗೆ ಜನಿವಾರವನ್ನು ಧರಿಸಿಯೇ ಇರುತ್ತಾನೆ. ಭಕ್ತಿಯೂ ಕರ್ಮವೂ ಒಂದೆಡೆ ನಿಲ್ಲಲಾರವೆಂಬುದು ಮನಸ್ಸಿನಲ್ಲಿ ಬಲಿತ ಮೇಲೆ ಅದನ್ನು ಕಿತ್ತೆಸೆದು ಕೂಡಲಸಂಗಮಕ್ಕೆ ನಡೆಯುತ್ತಾನೆ. ಹರಿಹರನು ನಿರಾಕರಣೆಗೆ ಕಾಲವನ್ನು ಕೊಟ್ಟನು. ಆದುದರಿಂದಲೇ ಅದು ಮನುಷ್ಯನೊಬ್ಬನ ನಿರ್ಧಾರವಾಗಿ ಕಾಣುತ್ತದೆ.

ಇವೆರಡಕ್ಕೂ ಭಿನ್ನವಾದ ಮೂರನೆಯ ಚಿತ್ರವು ಐರ್ಲೆಂಡಿನ ಫ್ರಾಂಕ್ ಓಕಾನರನ (1903–1966) ‘ಮೊದಲ ಪಾಪನಿವೇದನೆ’ ಎಂಬ ಸಣ್ಣಕತೆಯಲ್ಲಿದೆ. 2005ರಲ್ಲಿ ಕಲಬುರಗಿಯು ಪ್ರತ್ಯೇಕ ಕ್ಯಾಥೊಲಿಕ್ ಧರ್ಮಕ್ಷೇತ್ರವಾಗಿರುವುದರಿಂದ ಈ ಕತೆಯ ವಿಷಯವು ಈ ಸೀಮೆಗೂ ಹೊರಗಿನದಲ್ಲ. ಕ್ಯಾಥೊಲಿಕರ ಮಕ್ಕಳು ಮೊದಲ ಬಾರಿ ಪರಮಪ್ರಸಾದವನ್ನು ಸ್ವೀಕರಿಸುವ ಮುನ್ನ ಗುರುವಿನೆದುರು ಪಾಪನಿವೇದನೆ ಮಾಡಬೇಕು. ಹಿಂದೆ ಹತ್ತು ಹನ್ನೆರಡು ವರ್ಷಕ್ಕೆ ನಡೆಯುತ್ತಿದ್ದ ಈ ಸಂಸ್ಕಾರವನ್ನು 1910ರಲ್ಲಿ ಪೋಪ್ ಹತ್ತನೆಯ ಪಿಯೂಸರು ವಿವೇಕ ಮೂಡುವ ಏಳು ವರ್ಷದ ಸುಮಾರಿಗೆ ತಂದರು. ಕತೆಯ ಜ್ಯಾಕಿಗೂ ಏಳೇ ವರ್ಷ. ಬೋಧಿಸಲು ಬಂದ ಮುದುಕಿಯು ಮೇಣದ ಬತ್ತಿಯ ಉರಿಯಲ್ಲಿ ಬೆರಳಿಡಬಲ್ಲವನಿಗೆ ಹಣ ಕೊಡುವೆನೆಂದು ನರಕವನ್ನು ವರ್ಣಿಸುತ್ತಾಳೆ. ಅಜ್ಜಿಯನ್ನು ದ್ವೇಷಿಸುವ ಹುಡುಗನು ತಾನು ನರಕಕ್ಕೇ ಹೋಗುವವನೆಂದು ನಂಬಿ ಹಲ್ಲುನೋವಿನ ನೆವದಿಂದ ತಪ್ಪಿಸಿಕೊಳ್ಳುತ್ತಾನೆ. ಕಡೆಗೆ ಅಕ್ಕ ನೋರಾ ಅವನನ್ನು ಗದರಿಸುತ್ತ ದೇವಾಲಯಕ್ಕೆ ಕರೆದೊಯ್ಯುತ್ತಾಳೆ. ಅಲ್ಲಿ ಗುರುವೊಬ್ಬನೇ ಅವನ ಮಾತನ್ನು ಪೂರ್ತಿಯಾಗಿ ಕೇಳುತ್ತಾನೆ. ಕೇಳಿದಷ್ಟಕ್ಕೇ ಅಂಜಿಕೆ ಕರಗುತ್ತದೆ.

ಮಗುವನ್ನು ಮಗುವಾಗಿಯೇ ಕಂಡುದು ಓಕಾನರನ ಹೆಚ್ಚುಗಾರಿಕೆ. ಜ್ಯಾಕಿ ಒಲ್ಲೆನೆಂದುದು ದೇವರನ್ನಲ್ಲ, ದೇವರ ಹೆಸರಿನಲ್ಲಿ ತೋರಿಸಿದ ಬೆದರಿಕೆಯನ್ನು. ಆದರೂ ಕತೆಯಲ್ಲಿ ಒಂದು ಕೊರತೆಯುಂಟು. ಗುರುವಿನ ಸರಸವು ಎಲ್ಲವನ್ನೂ ನಗೆಯಲ್ಲಿ ತೇಲಿಸಿಬಿಡುತ್ತದೆ. ಹುಡುಗನಿಗೆ ಆ ಸಂಸ್ಕಾರವು ನಿಜವಾಗಿ ಬೇಕಾಗಿತ್ತೇ ಎಂಬುದನ್ನು ಗುರುವೂ ಕೇಳುವುದಿಲ್ಲ, ಕತೆಗಾರನೂ ಕೇಳುವುದಿಲ್ಲ.

ಕೇಳತಕ್ಕ ಪ್ರಶ್ನೆ ಅದು. ಶಿಶುವಿಗೆ ಜ್ಞಾನಸ್ನಾನವಾಗುವಾಗ ಅದರ ಪರವಾಗಿ ಹಿರಿಯರು ಮಾತು ಕೊಡುತ್ತಾರೆ. ದೃಢೀಕರಣದಲ್ಲಿ ಅದೇ ಮಾತನ್ನು ಮಗುವು ತನ್ನ ಬಾಯಿಂದ ಹೇಳಬೇಕು. 1983ರ ಧರ್ಮಸಭೆಯ ಕಾನೂನು ಕೂಡ ವಿವೇಕ ಬಂದವನು ತಕ್ಕ ಬೋಧನೆಯನ್ನೂ ಮನಸ್ಸಿನ ಸಿದ್ಧತೆಯನ್ನೂ ಪಡೆದು ಆ ಪ್ರತಿಜ್ಞೆಗಳನ್ನು ನವೀಕರಿಸಲು ಶಕ್ತನಾಗಿರಬೇಕೆನ್ನುತ್ತದೆ. ಹೊಸ ಬಟ್ಟೆ, ಊಟ, ನೆಂಟರಿಷ್ಟರ ಸಡಗರಗಳು ಗೊತ್ತಾದ ಮೇಲೆ ಮನೆಯವರಿಗೆ ಈ ಸಿದ್ಧತೆಯನ್ನು ವಿಚಾರಿಸುವ ವ್ಯವಧಾನ ಉಳಿಯುವುದಿಲ್ಲ. ದಬ್ಬಿ ನಿಲ್ಲಿಸಿದ ಮಗುವು ಪಾಠವನ್ನೊಪ್ಪಿಸಬಲ್ಲುದೇ ಹೊರತು ಮಾತು ಕೊಡಲಾರದು. ಅಂಜಿಕೆಯೋ, ಆಲಸ್ಯವೋ, ನಿಜವಾದ ಸಂಶಯವೋ ಎಂಬುದನ್ನು ತಾಳ್ಮೆಯಿಂದ ತಿಳಿದು, ಅಂಜಿಕೆಯಾದರೆ ಧೈರ್ಯ ಹೇಳಬೇಕು, ಸಂಶಯವಾದರೆ ಕಾಲ ಕೊಡಬೇಕು. ಧೈರ್ಯ ಹೇಳುವ ಬಗೆಯು ಓಕಾನರನ ಕತೆಯಲ್ಲಿದೆ. ಕಾಲ ಕೊಡುವ ಬಗೆಗೆ ಕನ್ನಡ ವಾಚಕರು ಹರಿಹರನ ರಗಳೆಯನ್ನು ಮತ್ತೊಮ್ಮೆ ತೆರೆಯಬಹುದು.