ಅರವತ್ತು ಗುಂಡುಗಳ ಪರವಾಗಿ

ನಾಲ್ಕೈದು ದಿನ ನಡೆಯುವ ಏರ್‌ಗನ್ ಪಂದ್ಯಾವಳಿಯನ್ನು ಒಂದು ಕೃತಿಯೆಂದು ಭಾವಿಸಿ ಅದರ ಗುಣದೋಷಗಳನ್ನು ವಿವೇಚಿಸಲು ಹೊರಟವನಿಗೆ ಮೊದಲು ಎದುರಾಗುವ ತೊಡಕೆಂದರೆ, ಅಲ್ಲಿ ನೋಡತಕ್ಕದ್ದು ಏನೂ ಇಲ್ಲವೆಂಬ ಲೋಕಾಭಿಪ್ರಾಯ. ಈ ಅಭಿಪ್ರಾಯವನ್ನು ಸುಳ್ಳೆಂದು ತಳ್ಳಿಹಾಕುವಂತೆಯೂ ಇಲ್ಲ. ಹತ್ತು ಮೀಟರು ದೂರದ ಗೋಡೆಗೆ ಎದುರಾಗಿ, ಬಿರುಸಾದ ಕ್ಯಾನ್ವಾಸಿನ ಜಾಕೆಟ್ಟು ತೊಟ್ಟು ಒಂದೇ ಸಾಲಿನಲ್ಲಿ ನಿಂತ ಹತ್ತಿಪ್ಪತ್ತು ಜನ, ಆಗೊಮ್ಮೆ ಈಗೊಮ್ಮೆ ಕೇಳಿಬರುವ ಒಣ ಶಬ್ದ, ಒಂದೂಕಾಲು ಗಂಟೆ ಕಳೆದ ಮೇಲೆ ಆ ಸಾಲು ಸರಿದು ಅದರಂತೆಯೇ ಇರುವ ಮತ್ತೊಂದು ಸಾಲು ಬಂದು ನಿಲ್ಲುವುದು: ಹೊರಗಿನ ಕಣ್ಣಿಗೆ ಇದಿಷ್ಟೇ ವೃತ್ತಾಂತ. ಹುಬ್ಬಳ್ಳಿಯಲ್ಲಿ ಸಿದ್ಧಾರೂಢರ ಜಾತ್ರೆಯ ಕಾಲಕ್ಕೆ ಬಲೂನು ಹೊಡೆಯುವ ಅಂಗಡಿಯ ಮುಂದೆ ಇದಕ್ಕಿಂತ ಹೆಚ್ಚು ಜನ ಸೇರುತ್ತಾರೆ. ಅಲ್ಲಿ ಬಲೂನಾದರೂ ಒಡೆಯುತ್ತದೆ.

ಆದರೂ ಈ ಕ್ರೀಡೆಯ ಸತ್ತ್ವವೆಲ್ಲ ನೋಡಲು ಏನೂ ಇಲ್ಲದ ಆ ಒಂದೂಕಾಲು ಗಂಟೆಯಲ್ಲಿಯೇ ಇದೆಯೆಂದೂ, ಅದರ ತುದಿಗೆ ಜೋಡಿಸಿರುವ ಫೈನಲ್ ಎಂಬ ರಂಗಪ್ರಯೋಗ ಆಕರ್ಷಕವಾದುದಾದರೂ ಮೂಲಕ್ಕೆ ಸಮನಲ್ಲವೆಂದೂ ನನ್ನ ಮತ. ಮತವನ್ನು ಮೊದಲೇ ಹೇಳಿಬಿಟ್ಟಿರುವುದರಿಂದ ಇನ್ನು ಕಾರಣಗಳನ್ನು ಹೇಳುವ ಹೊಣೆ ನನ್ನ ಮೇಲಿದೆ.

ಏರ್ ರೈಫಲಿನ ಗುರಿಯಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರು. ಅದರತ್ತ ಹೊರಟ ಸೀಸದ ಪೆಲೆಟ್ಟಿನ ವ್ಯಾಸ 4.5 ಮಿಲಿಮೀಟರು. ಗುರಿಗಿಂತ ಗುಂಡೇ ಒಂಬತ್ತು ಪಟ್ಟು ದೊಡ್ಡದಾದ ಈ ವಿಚಿತ್ರ ವ್ಯವಸ್ಥೆಯಲ್ಲಿ, ನಿಂತವನಿಗೆ ಆ ಚುಕ್ಕೆ ಕಾಣುವುದೂ ಇಲ್ಲ. ಅವನಿಗೆ ಕಾಣುವುದು 30.5 ಮಿಲಿಮೀಟರಿನ ಕಪ್ಪು ವೃತ್ತ ಮತ್ತು ಅದನ್ನು ಸುತ್ತುವರಿಯಬೇಕಾದ, ನಳಿಕೆಯ ತುದಿಯ ಉಂಗುರ. ಇವೆರಡರ ನಡುವೆ ಉಳಿದ ಬೆಳ್ಳನೆಯ ಅಂಚು ಸುತ್ತಲೂ ಸಮನಾಗಿದೆಯೆಂಬ ನಂಬಿಕೆಯ ಮೇಲೆ ಅವನು ಕುದುರೆಯನ್ನು ಒತ್ತಬೇಕು. ಎಲೆಕ್ಟ್ರಾನಿಕ್ ಗುರಿಯ ಎಣಿಕೆಯಲ್ಲಿ ಒಂದು ಗುಂಡಿಗೆ ದೊರೆಯಬಹುದಾದ ಪರಮಾವಧಿ 10.9, ಆ ಒಂದೂಕಾಲು ಗಂಟೆಯಲ್ಲಿ ಹೊಡೆಯಬೇಕಾದ ಅರವತ್ತು ಗುಂಡಿಗೆ 654. ಒಂದು ದಶಾಂಶವೆಂದರೆ ಕಾಲು ಮಿಲಿಮೀಟರು. ಮಾನವದೇಹವಾದರೋ ಎದೆಯ ಬಡಿತ, ಉಸಿರಿನ ಏರಿಳಿತ, ಪಾದಗಳ ಮೇಲಿನ ಸೂಕ್ಷ್ಮವಾದ ತೂಗಾಟ ಇವೆಲ್ಲವನ್ನೂ ಸದಾ ಹೊತ್ತುಕೊಂಡಿರತಕ್ಕದ್ದು. ಆದುದರಿಂದ ಇಲ್ಲಿ ನಿಶ್ಚಲತೆ ಎಂಬುದು ಸಾಧ್ಯವೇ ಇಲ್ಲ. ಸಾಧ್ಯವಿರುವುದು ತನ್ನ ಚಲನೆಯ ಕ್ರಮವನ್ನು ಅರಿತು, ಅದು ಕ್ಷಣಕಾಲ ತಗ್ಗುವ ಸಂಧಿಯನ್ನು ಹಿಡಿಯುವುದು ಮಾತ್ರ.

ಇದರಿಂದ ಒಂದು ಸ್ವಾರಸ್ಯ ಹುಟ್ಟುತ್ತದೆ. ಐದೂವರೆ ಕಿಲೋಗ್ರಾಮಿನ ಮಿತಿಯೊಳಗಿನ ರೈಫಲನ್ನು ಎತ್ತಿ, ಕೆನ್ನೆಗೆ ತಾಗಿಸಿ, ಉಸಿರು ಬಿಟ್ಟು, ಬೆರಳನ್ನು ಕುದುರೆಯ ಮೇಲಿಟ್ಟು, ಎಲ್ಲ ಸಿದ್ಧವಾದ ಮೇಲೆ ಗುಂಡು ಹಾರಿಸದೆಯೇ ರೈಫಲನ್ನು ಮತ್ತೆ ಇಳಿಸುವುದುಂಟಲ್ಲ, ನನ್ನ ದೃಷ್ಟಿಯಲ್ಲಿ ಅದೇ ಈ ಕಲೆಯ ಅತ್ಯುನ್ನತ ಕ್ರಿಯೆ. ಹೊಸಬ ಎತ್ತಿದ್ದನ್ನು ಹೊಡೆದೇ ತೀರುತ್ತಾನೆ. ಎತ್ತಿದ ಶ್ರಮ ವ್ಯರ್ಥವಾಗಬಾರದೆಂಬ ಲೋಭ ಅವನಿಗೆ. ಪಳಗಿದವನು, ಏನೋ ಸರಿಯಿಲ್ಲವೆಂಬ ಅಸ್ಪಷ್ಟವಾದ ಸೂಚನೆಗೆ ತಲೆಬಾಗಿ, ಗಡಿಯಾರ ಓಡುತ್ತಿದ್ದರೂ ಇಳಿಸುತ್ತಾನೆ. ಈ ಸಂಯಮಕ್ಕೆ ಅಂಕವಿಲ್ಲ, ಫಲಿತಾಂಶದ ಹಾಳೆಯಲ್ಲಿ ಇದಕ್ಕೊಂದು ಅಂಕಣವಿಲ್ಲ. ಅರವತ್ತು ಗುಂಡುಗಳ ನಡುವೆ ಹೊಡೆಯದೆ ಬಿಟ್ಟವು ಎಷ್ಟೆಂಬುದನ್ನು ಹಿಂದೆ ಕುಳಿತು ನೋಡುವ ಕೋಚ್ ಮಾತ್ರ ಬಲ್ಲನು.

ಪಂದ್ಯಾವಳಿ ಹಲವು ದಿನ ನಡೆಯುವುದೇಕೆ? ಕಾರಣ ಸರಳವಾಗಿದೆ: ಜನ ಹೆಚ್ಚು, ಲೇನುಗಳು ಕಡಿಮೆ. ರೈಫಲ್ ಬೇರೆ, ಪಿಸ್ತೂಲ್ ಬೇರೆ. ಬಾಲಕರು, ಜೂನಿಯರುಗಳು, ಹಿರಿಯರು, ಅವರಿಗಿಂತ ಹಿರಿಯರಾದ ವೆಟರನ್ನರು. ಇವರೆಲ್ಲರನ್ನೂ ಸರದಿಗಳಾಗಿ ಹಂಚಬೇಕು. ಈ ಸರದಿಗೆ ನಮ್ಮ ಹುಡುಗರು ‘ಡೀಟೈಲ್’ ಎನ್ನುತ್ತಾರೆ. ಹೀಗೆ ಕೇವಲ ಅನುಕೂಲಕ್ಕಾಗಿ ಹುಟ್ಟಿದ ವ್ಯವಸ್ಥೆ ಸ್ಪರ್ಧಿಯ ಮೇಲೆ ಬೀರುವ ಪರಿಣಾಮ ಮಾತ್ರ ಸರಳವಾದುದಲ್ಲ. ಹುಬ್ಬಳ್ಳಿಯಿಂದ ರಾತ್ರಿ ರೈಲು ಹಿಡಿದು ಬೆಂಗಳೂರಿಗೆ ಹೋಗುವ ಹುಡುಗಿಯೊಬ್ಬಳು ಮೂರು ನಾಲ್ಕು ದಿನ ಪರವೂರಿನಲ್ಲಿ ಉಳಿದರೂ ಅವಳ ನಿಜವಾದ ಸ್ಪರ್ಧೆ ಅಂಕಕ್ಕೆ ಸೇರದ ಅಭ್ಯಾಸದ ಗುಂಡುಗಳಿಗೆಂದು ಕೊಡುವ ಹದಿನೈದು ನಿಮಿಷದ ಸೈಟರ್ ಸೇರಿಸಿ ಒಂದೂವರೆ ಗಂಟೆ. ಮಿಕ್ಕಿದ್ದೆಲ್ಲ ಉಡುಪು ಉಪಕರಣಗಳ ತಪಾಸಣೆ ಮತ್ತು ಕಾಯುವಿಕೆ. ಕಾಯುವುದೂ ಒಂದೇ ಬಗೆಯದಲ್ಲ. ಕೊನೆಯ ದಿನದ ಡೀಟೈಲಿನಲ್ಲಿರುವವಳು ಇನ್ನೂ ಮಾಡದ ಕೆಲಸದ ಭಾರವನ್ನು ಹೊತ್ತಿರುತ್ತಾಳೆ. ಮೊದಲ ದಿನವೇ ಮುಗಿಸಿದವಳು ಇನ್ನು ತಿದ್ದಲಾಗದ ಸಂಖ್ಯೆಯೊಂದನ್ನು ಜೊತೆಗಿಟ್ಟುಕೊಂಡು, ಅದನ್ನು ಮೀರಲು ಬರುವವರನ್ನು ದಿನಗಟ್ಟಲೆ ನೋಡುತ್ತ ಕುಳಿತಿರಬೇಕು. ಅಪ್ಪ ಅವ್ವ ಹೊರಗೆ ಗಿರಮಿಟ್ಟು ಮಿರ್ಚಿ ತಿಂದು ಹೊತ್ತು ಕಳೆಯಬಹುದು. ನಾಳೆ ಹೊಡೆಯಬೇಕಾದ ಮಗಳು ಚಹಾ ಸಹ ಮುಟ್ಟಲಾರಳು.

ಇಲ್ಲಿ ನ್ಯಾಯದ ಪ್ರಶ್ನೆಯೊಂದಿದೆ. ಕೊನೆಗೆ ಹೊಡೆಯುವವರಿಗೆ, ದಾಟಬೇಕಾದ ಮೊತ್ತ ಇಷ್ಟೆಂದು ಮೊದಲೇ ತಿಳಿದಿರುತ್ತದೆ. ಮೊದಲು ಹೊಡೆದವರಿಗೆ ಆ ಜ್ಞಾನವಿಲ್ಲ. ಬೇರೆ ಆಟಗಳಲ್ಲಿ ಇದು ಲಾಭವೆಂದೇ ಲೆಕ್ಕ. ಇಲ್ಲಿ ಹಾಗೆನ್ನಲು ನಾನು ಹಿಂಜರಿಯುತ್ತೇನೆ, ಏಕೆಂದರೆ ಒಟ್ಟು ಮೊತ್ತವನ್ನು ಮನಸ್ಸಿನಲ್ಲಿಟ್ಟು ಹೊಡೆದ ಗುಂಡು ಬಹುಮಟ್ಟಿಗೆ ಕೆಟ್ಟ ಗುಂಡಾಗಿರುತ್ತದೆ. ಈ ಆಟದಲ್ಲಿ ಅಜ್ಞಾನವೂ ಒಂದು ಸಾಧನಸಾಮಗ್ರಿ.

ಇನ್ನು ಫೈನಲಿನ ಮಾತು. ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 2024ರಲ್ಲಿ ಜಗತ್ತು ಕಂಡ ಕ್ರಮದ ಪ್ರಕಾರ, ಅರವತ್ತು ಗುಂಡುಗಳಿಂದ ಆಯ್ಕೆಯಾದ ಎಂಟು ಜನ ಮತ್ತೆ ಸೊನ್ನೆಯಿಂದ ತೊಡಗುತ್ತಾರೆ. ಹನ್ನೆರಡು ಗುಂಡುಗಳಾದ ಮೇಲೆ, ಎರಡೆರಡು ಗುಂಡಿಗೊಬ್ಬರಂತೆ ಹೊರಬೀಳುತ್ತ ಹೋಗಿ ಇಪ್ಪತ್ತನಾಲ್ಕನೆಯ ಗುಂಡಿಗೆ ವಿಜೇತನ ನಿರ್ಣಯ. ಸಂಗೀತವುಂಟು, ಚಪ್ಪಾಳೆಗೆ ಅನುಮತಿಯುಂಟು. ಮೊದಲು ಹೀಗಿರಲಿಲ್ಲ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸಿನ ಏರ್ ರೈಫಲಿನಲ್ಲಿ ಅಭಿನವ್ ಬಿಂದ್ರಾ, ದಶಾಂಶವಿಲ್ಲದ ಅಂದಿನ ಅರ್ಹತಾಸುತ್ತಿನ ಎಣಿಕೆಯಲ್ಲಿ ಆರುನೂರಕ್ಕೆ 596 ಪಡೆದು ನಾಲ್ಕನೆಯವರಾಗಿ ಫೈನಲಿಗೆ ಬಂದಾಗ ಆ 596 ಅವರ ಜೊತೆಯಲ್ಲಿಯೇ ಬಂದಿತು. ಫೈನಲಿನ ಹತ್ತು ಗುಂಡುಗಳ 104.5 ಅದಕ್ಕೆ ಕೂಡಿ 700.5 ಆಯಿತು. ಅವರ ಕೊನೆಯ ಗುಂಡು 10.8 ಎಂಬುದನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಆ ಗುಂಡಿನ ಬೆನ್ನಿಗೆ ಹಿಂದಿನ ಅರವತ್ತು ಗುಂಡುಗಳೂ ಆಧಾರವಾಗಿ ನಿಂತಿದ್ದುವು. ಲಂಡನ್ ಒಲಿಂಪಿಕ್ಸಿನ ಮರುವರ್ಷ, ಎಂದರೆ 2013ರಲ್ಲಿ, ಈ ಸಂಬಂಧವನ್ನು ಕಡಿದುಹಾಕಲಾಯಿತು.

ಹೊಸ ಕ್ರಮ ದೂರದರ್ಶನದ ಅಗತ್ಯಕ್ಕೆ ಒಪ್ಪುವಂತಹುದು, ಅದನ್ನು ಅಲ್ಲಗಳೆಯಲಾರೆ. ಆದರೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ನೆನಪಿನ ಅಹೋರಾತ್ರಿ ಸಂಗೀತಕ್ಕೆ ಕುಳಿತೆದ್ದ ಈ ಸೀಮೆಯ ಕೇಳುಗನಿಗೆ, ವಿಲಂಬಿತದ ಬಡಾ ಖ್ಯಾಲನ್ನು ಬರಿಯ ಪ್ರವೇಶಪರೀಕ್ಷೆಯೆಂದು ಎಣಿಸಿ, ಕಡೆಯ ದ್ರುತ್ ತಾನುಗಳಿಗೆ ಮಾತ್ರ ಬಹುಮಾನ ಕೊಡುವ ಸಭೆಯಿದ್ದರೆ ಅದರ ರಸಿಕತೆಯ ವಿಷಯದಲ್ಲಿ ಸಂದೇಹ ಬಾರದಿರದು.

ಫೈನಲ್ ಆಟದ ನಾಟಕವನ್ನು ಕಣ್ಣಿಗೆ ಕಾಣಿಸುತ್ತದೆಂಬ ಪ್ರತಿವಾದಕ್ಕೂ ಬಲವಿದೆ. ಮನು ಭಾಕರ್ ಅವರ ವೃತ್ತಾಂತವನ್ನೇ ತೆಗೆದುಕೊಳ್ಳಬಹುದು. ಟೋಕಿಯೊದಲ್ಲಿ ಹತ್ತು ಮೀಟರಿನ ಏರ್ ಪಿಸ್ತೂಲ್ ಅರ್ಹತಾಸುತ್ತಿನ ನಡುವೆ ಪಿಸ್ತೂಲು ಕೆಟ್ಟು, ಅಮೂಲ್ಯವಾದ ನಿಮಿಷಗಳು ಕಳೆದು, 575 ಅಂಕಗಳೊಡನೆ ಅವರು ಹನ್ನೆರಡನೆಯವರಾದರು. ಪ್ಯಾರಿಸ್ಸಿನ ಫೈನಲಿನಲ್ಲಿ 221.7 ಪಡೆದು ಕಂಚನ್ನು ಗೆದ್ದರು, ಬೆಳ್ಳಿಗೆ ಕೊರತೆಯಾದುದು 0.1. ಎರಡನೆಯದು ದೇಶವೆಲ್ಲ ಕಂಡ ನಾಟಕ. ಮೊದಲನೆಯದೂ ಅಷ್ಟೇ ತೀವ್ರವಾದ ನಾಟಕವಾಗಿದ್ದರೂ, ಕೆಟ್ಟ ಯಂತ್ರ, ಓಡುವ ಗಡಿಯಾರ ಮತ್ತು ಇನ್ನೂ ಉಳಿದಿರುವ ಹತ್ತಾರು ಗುಂಡುಗಳ ನಡುವೆ ನಡೆದ ಆ ಹೋರಾಟ ಪ್ರೇಕ್ಷಕನಿಗೆ ಗೋಚರಿಸಲಿಲ್ಲ. ಅಗೋಚರವಾದುದನ್ನು ಗೋಚರಗೊಳಿಸುವ ಜಾಣತನ ಸಂಘಟಕರಲ್ಲಿಲ್ಲದಿರುವುದು ಅರವತ್ತು ಗುಂಡುಗಳ ದೋಷವೆಂದು ನಾನು ಒಪ್ಪಲಾರೆ.

ಇನ್ನು ಈ ಆಟದ ಸಾಧನದ ಮಾತು. ನಮ್ಮ ಸೀಮೆಗೆ ಬಂದೂಕಿನೊಡನೆ ಹಳೆಯ ನಂಟು, ಅದೂ ಕಹಿಯಾದುದು. ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ 1824ರ ಅಕ್ಟೋಬರ್ 23ರಂದು ಕಿತ್ತೂರ ಕೋಟೆಯ ಮುಂದೆ ಅಮಟೂರ ಬಾಳಪ್ಪನ ಗುಂಡಿಗೆ ಬಿದ್ದನೆಂಬುದು ಜನ ಮರೆಯದ ಸಂಗತಿ. 1857ರಲ್ಲಿ ಆಯುಧಗಳನ್ನು ಒಪ್ಪಿಸಿರೆಂಬ ಕಾಯಿದೆಗೆ ಎದುರು ನಿಂತ ಹಲಗಲಿಯ ಬೇಡರನ್ನು ಲಾವಣಿಗಾರರು ಇಂದಿಗೂ ಹಾಡುತ್ತಾರೆ. ಇಂದಿನ ಕಾನೂನು, 20 ಜೂಲಿನ ಶಕ್ತಿಯನ್ನೂ 4.5 ಮಿಲಿಮೀಟರಿನ ನಳಿಕೆಯನ್ನೂ ಮೀರದ ಏರ್‌ಗನ್ನಿಗೆ ಪರವಾನಗಿ ಬೇಡವೆನ್ನುತ್ತದೆ. ಕಾನೂನಿನ ಬಾಗಿಲು ತೆರೆದಿದ್ದರೂ ಬೆಲೆಯ ಬಾಗಿಲು ಮುಚ್ಚಿದೆ: ಅಂತರರಾಷ್ಟ್ರೀಯ ದರ್ಜೆಯ ಜರ್ಮನ್ ರೈಫಲಿನ ಬೆಲೆ ಲಕ್ಷಗಳಲ್ಲಿದೆ, ಅದರ ಮೇಲೆ ಜಾಕೆಟ್ಟು, ಪ್ಯಾಂಟು, ಬೂಟು, ಪೆಟ್ಟಿಗೆಗಟ್ಟಲೆ ಪೆಲೆಟ್ಟು. ಈ ದೃಷ್ಟಿಯಿಂದ, ನಮ್ಮ ದೇಶದ ಪಂದ್ಯಗಳಲ್ಲಿ ಉಳಿಸಿಕೊಂಡು ಬಂದಿರುವ ‘ಓಪನ್ ಸೈಟ್’ ವಿಭಾಗ ಬಹಳ ವಿವೇಕದ ಏರ್ಪಾಟು. ಸಾದಾ ರೈಫಲು ಹಿಡಿದ ಹುಡುಗನಿಗೂ ಒಂದು ಲೇನು, ಒಂದು ಸರದಿ, ಒಂದು ಅಂಕಪಟ್ಟಿ ಸಿಗುತ್ತದೆ. ಅದಕ್ಕಾಗಿ ಪಂದ್ಯಾವಳಿ ಒಂದು ದಿನ ಹೆಚ್ಚು ನಡೆದರೆ ನಡೆಯಲಿ.

ಹುಬ್ಬಳ್ಳಿ ಸ್ಪೋರ್ಟ್ಸ್ ಶೂಟಿಂಗ್ ಅಕಾಡೆಮಿಯಲ್ಲಿ ಪಳಗಿದ ಶ್ರೀಹರ್ಷ ದೇವರಡ್ಡಿ ಅವರ ಸಾಧನೆಯನ್ನು ಇದೇ ಹಿನ್ನೆಲೆಯಲ್ಲಿ ನೋಡಬೇಕು. 2023ರಲ್ಲಿ ಕೊರಿಯದ ಚಾಂಗ್ವನ್ನಿನ ಪ್ಯಾರಾ ವಿಶ್ವಕಪ್ಪಿನಲ್ಲಿ ಅವರು ಚಿನ್ನ ಗೆದ್ದರು. ಮರುವರ್ಷ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ ಸ್ಪರ್ಧಿಸಿದರು. ಅವರದು ಎಸ್‌ಎಚ್‌2 ವರ್ಗ: ತೋಳಿನ ಬಲದಿಂದ ರೈಫಲಿನ ಭಾರ ಹೊರಲಾಗದವರು ಸ್ಪ್ರಿಂಗ್ ಇರುವ ಆಧಾರಸ್ತಂಭದ ಮೇಲೆ ಅದನ್ನಿಟ್ಟು ಹೊಡೆಯುತ್ತಾರೆ. ಆಧಾರವಿದ್ದರೆ ಸುಲಭವೆಂದು ತಿಳಿಯುವವರುಂಟು. ಸ್ಪ್ರಿಂಗು ಭಾರವನ್ನು ಹೊರುತ್ತದೆ, ಸ್ಥಿರತೆಯನ್ನು ಕೊಡುವುದಿಲ್ಲ. ಉಸಿರು, ಎದೆಬಡಿತ, ಬೆರಳು, ನಿರ್ಧಾರ ಇವೆಲ್ಲ ಹೊಡೆಯುವವನ ಪಾಲಿಗೇ ಉಳಿಯುತ್ತವೆ. ಗುರಿಯಲ್ಲಿನ ಅರ್ಧ ಮಿಲಿಮೀಟರಿನ ಚುಕ್ಕೆಯೂ ಅಷ್ಟೇ ಇರುತ್ತದೆ, ಅರವತ್ತೆಂಬ ಎಣಿಕೆಯೂ ಅಷ್ಟೇ.

ಕಡೆಗೆ ಸಂಘಟಕರಲ್ಲಿ ಒಂದು ವ್ಯಾವಹಾರಿಕ ಬಿನ್ನಹ. ಪಂದ್ಯಾವಳಿಯ ಗೋಡೆಗೆ ಅಂಟಿಸುವ ಹಾಳೆಯಲ್ಲಿ ಹೆಸರಿನ ಮುಂದೆ ಒಟ್ಟು ಮೊತ್ತ ಮತ್ತು ಹತ್ತತ್ತು ಗುಂಡುಗಳ ಆರು ಸೀರೀಸುಗಳ ಅಂಕ ಇಷ್ಟನ್ನೇ ಕೊಡುವುದು ರೂಢಿ. ಎಲೆಕ್ಟ್ರಾನಿಕ್ ಗುರಿಯಿರುವಲ್ಲಿ ಪ್ರತಿಯೊಂದು ಗುಂಡಿನ ಅಂಕವೂ, ಅದು ಬಿದ್ದ ಜಾಗವೂ, ಹೊಡೆದ ವೇಳೆಯೂ ಯಂತ್ರದಲ್ಲಿ ದಾಖಲಾಗಿಯೇ ಇರುತ್ತವೆ. ಅವನ್ನು ಸಭಾಂಗಣದ ಹೊರಗಿನ ಒಂದು ಪರದೆಯ ಮೇಲೆ ತೋರಿಸಿದರೆ, ಮೂವತ್ತೇಳನೆಯ ಗುಂಡು 9.3ಕ್ಕೆ ಜಾರಿದ ಮೇಲೆ ಮುಂದಿನ ಗುಂಡಿಗೆ ಮೂರು ನಿಮಿಷ ತೆಗೆದುಕೊಂಡು 10.7 ಹೊಡೆದವನ ಕಥೆಯನ್ನು, ಬೆಂಚಿನ ಮೇಲೆ ಕುಳಿತು ಕಾಯುತ್ತಿರುವ ತಂದೆತಾಯಿಗಳೂ ಓದಿಕೊಂಡಾರು.